ಬಾಗಿಲು ದಾಟುವ ಹೊತ್ತಿನ ಉಸಿರು

ಹಡಗಿನಜ್ಜಿ ಮನೆಗೆ ಬಂದಾಗ ಸೊಸೆ ಹಬೆಗೆಂದು ಒಲೆಯ ಮೇಲೆ ನೀರಿಟ್ಟಿದ್ದಳು. ಒಳಕೋಣೆಯಲ್ಲಿ ಗಂಡ ದಿಂಬುಗಳನ್ನು ಪೇರಿಸಿಕೊಂಡು ಒರಗಿ ಕೂತಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಕೂತರೆ ಅರ್ಧ ಸಿಗುತ್ತಿತ್ತು. ಆ ಅರ್ಧದ ಕೊನೆಗೂ ಒಂದು ಸಿಳ್ಳೆ.

ಬಾಗಿಲಲ್ಲಿ ನಿಂತವಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ ಅನ್ನಬಹುದಿತ್ತು. ದಪ್ಪ ಜಡೆ, ಸುಕ್ಕಿಲ್ಲದ ಕತ್ತು, ಎಡಗೆನ್ನೆಗೆ ಒತ್ತಿ ಹಿಡಿದ ಅಂಗೈ. ಅವಳನ್ನು ಕಂಡು ಅರವತ್ತು ದಾಟಿದ ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದಳು.

"ಬಾ ಅಜ್ಜಿ, ಒಳಗೆ ಬಾ. ಕೂತ್ಕೋ."

"ನೀನು ಯಾರ ಮಗಳು?"

"ನಿನ್ನ ಮಗಳ ಮರಿಮಗಳ ಮಗಳು. ಹೋದ್ಸಲ ನೀನು ಬಂದಾಗ ಅಂಬೆಗಾಲಿಡ್ತಿದ್ದೆನಂತೆ."

"ಅಯ್ಯೋ, ಅದು ನೀನಾ? ಎಷ್ಟು ವಯಸ್ಸಾಗೋಯ್ತೇ ನಿನಗೆ!"

"ಏನ್ಮಾಡೋದು. ನಿನಗೆ ಆಗ್ಬೇಕಾಗಿದ್ದನ್ನೂ ನಾನೇ ಆಗಿಬಿಟ್ಟೆ," ಎಂದಳು ಅತ್ತೆ.

ಆ ಊರಿನಲ್ಲಿ ಇಂಥ ಮಾತು ಹೊಸದಲ್ಲ. ಮೊಮ್ಮಗಳಿಗಿಂತ ಚಿಕ್ಕವಳಾಗಿ ಕಾಣುವ ಅಜ್ಜಿ, ಮರಿಮಗನ ಅಂಗಿ ಸರಿಹೊಂದುವ ಮುತ್ತಾತ ಎಷ್ಟೋ ಮನೆಗಳಲ್ಲಿದ್ದರು. ಹಡಗುಗಳು ಬರುತ್ತಿದ್ದವು, ಊರಿನ ನೆತ್ತಿಯ ಮೇಲೆ ವರ್ಷಗಟ್ಟಲೆ ನಿಲ್ಲುತ್ತಿದ್ದವು, ಹೋಗುತ್ತಿದ್ದವು. ಹೋದ ಹಡಗು ಮತ್ತೆ ಬರುವ ಹೊತ್ತಿಗೆ ಊರಿನಲ್ಲಿ ಒಂದು ತಲೆಮಾರು ಮುಗಿದು ಇನ್ನೊಂದು ನರೆತಿರುತ್ತಿತ್ತು. ಒಂದೊಂದು ಹಡಗೂ ಊರಿಗಿಂತ ದೊಡ್ಡದು. ಅದು ಬಂದು ನಿಂತರೆ ಒಂದು ಬದಿಯ ಬೀದಿಗಳಿಗೆ ಬೆಳಗಿನ ಬಿಸಿಲಷ್ಟೇ, ಇನ್ನೊಂದು ಬದಿಯವರಿಗೆ ಸಂಜೆಯ ಬಿಸಿಲಷ್ಟೇ. ನಡುವಿನವರು ಒದ್ದೆ ಬಟ್ಟೆ ಹೊತ್ತುಕೊಂಡು ನೆಂಟರ ಮನೆಗೆ ಹೋಗಬೇಕು. ಅದನ್ನು ಯಾರು ಕಟ್ಟಿದರು, ಯಾವ ಆಧಾರವೂ ಇಲ್ಲದೆ ಅದು ಹೇಗೆ ನಿಲ್ಲುತ್ತದೆ, ಎಲ್ಲಿಗೆ ಹೋಗಿಬರುತ್ತದೆ ಎಂದು ಊರಿನವರಿಗೆ ಗೊತ್ತಿರಲಿಲ್ಲ. ಕೇಳಿದರೆ ಹಡಗಿನವರಿಗೂ ಗೊತ್ತಿರಲಿಲ್ಲ. "ದೀಪ ನೋಡ್ಕೋ ಅಂದ್ರು, ನೋಡ್ಕೋತೀವಿ. ಆ ಕಡೆ ತುದಿ ಹೇಗಿದೆ ಅಂತ ನಾನಿನ್ನೂ ಕಂಡಿಲ್ಲ," ಎನ್ನುತ್ತಿದ್ದಳು ಅಜ್ಜಿ. ಒಳಗೆ ಹೋದವರಿಗೆ ಸಾವಿಲ್ಲ ಎನ್ನುವುದೊಂದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಊರಿನ ಕಸುಬು ಹಕ್ಕಳೆ ಕೆರೆಯುವುದು. ದೂರದ ದಾರಿಯಲ್ಲಿ ಹಡಗಿನ ಹೊಟ್ಟೆಯ ಮೇಲೆ, ಒಣಗಿದ ಗಾಯಕ್ಕೆ ಕಟ್ಟುವಂಥ ಬೂದು ಹಕ್ಕಳೆ ಕಟ್ಟುತ್ತದೆ. ಹಗ್ಗದ ತುದಿಯ ತೊಟ್ಟಿಲಲ್ಲಿ ಕೂತು ಮೇಲೆ ಹೋಗಿ, ಉಳಿಯಿಂದ ಅದನ್ನು ಕೆರೆದು ಉದುರಿಸಬೇಕು. ಹಡಗಿನ ಕೆಳಗೆ ಯಾವ ಮೋಟಾರೂ ತಿರುಗುವುದಿಲ್ಲ. ತೊಟ್ಟಿಲನ್ನು ಕೈರಾಟೆಯಿಂದಲೇ ಏರಿಸಬೇಕು, ಇಳಿಸಬೇಕು. ಆ ರಾಟೆಯನ್ನು ಮನೆಯವರಲ್ಲದೆ ಬೇರೆಯವರು ಮುಟ್ಟುವಂತಿಲ್ಲ. ಒಬ್ಬನ ಜೀವ ಜೋತಾಡುವ ಹಗ್ಗ ಅವನು ಸತ್ತರೆ ಅಳುವವರ ಕೈಯಲ್ಲೇ ಇರಬೇಕು ಎಂದು ಯಾವ ಕಾಲದಲ್ಲೋ ಗೊತ್ತುಮಾಡಿದ್ದರು. ಈ ಮನೆಯ ಮಗನ ಹಗ್ಗ ಮೊದಲು ತಾಯಿಯ ಕೈಯಲ್ಲಿತ್ತು. ಮದುವೆಯಾದ ವಾರ ಅವಳು ರಾಟೆಯ ಹಿಡಿಯನ್ನು ಬಟ್ಟೆಯಿಂದ ಒರೆಸಿ ಸೊಸೆಗೆ ಬಿಟ್ಟುಕೊಟ್ಟಿದ್ದಳು. ಪಕ್ಕದಲ್ಲಿ ನಿಂತು ಕೊಂಕು ತೆಗೆಯುವುದನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

ಕೊಂಕಿಗೆ ಕಾರಣವೂ ಇತ್ತು. ಮೇಲೆ ಹೋದಷ್ಟೂ ಗಾಳಿ ತೆಳು. ಎದೆ ಹೊಂದಿಕೊಳ್ಳಲೆಂದು ಹಗ್ಗದ ಮೇಲೆ ಅಲ್ಲಲ್ಲಿ ಕೆಂಪು ಗೆರೆ ಎಳೆದಿರುತ್ತಾರೆ. ಗೆರೆ ರಾಟೆಗೆ ಬಂದಾಗ ನಿಲ್ಲಿಸಿ, ಸ್ವಲ್ಪ ತಡೆದು, ಮತ್ತೆ ತಿರುಗಿಸಬೇಕು. ಅತ್ತೆಯ ಕಾಲದವರು ಒಂದೆರಡು ಗೆರೆ ಹಾರಿಸಿಬಿಡುತ್ತಿದ್ದರು. ಸೊಸೆ ಒಂದನ್ನೂ ಹಾರಿಸಿದವಳಲ್ಲ. ರಾಟೆಗಳನ್ನು ಹೂಡಿದ್ದ ಕಟ್ಟೆಯಲ್ಲಿ ಅವಳ ಕೈಯನ್ನು ಎಲ್ಲರೂ ಹೊಗಳುತ್ತಿದ್ದದ್ದು ಇದಕ್ಕೇ.

ಹಕ್ಕಳೆಯ ಪುಡಿ ಒಮ್ಮೆ ಎದೆಯಲ್ಲಿ ಕೂತರೆ ಏಳುವುದಿಲ್ಲ. ಹೆಚ್ಚಿನವರಿಗೆ ಐವತ್ತರ ಮೇಲೆ ಅದು ತೊಂದರೆ ಕೊಡುತ್ತಿತ್ತು. ಇವನಿಗೆ ಮೂವತ್ತನಾಲ್ಕಕ್ಕೇ ಕೊಟ್ಟಿತು. ಕಟ್ಟೆಯಲ್ಲಿ ಇವನ ಅಡ್ಡಹೆಸರು ರೇಡಿಯೋ. ತೊಟ್ಟಿಲು ನೆಲ ಬಿಟ್ಟಾಗ ಶುರುವಾದ ಮಾತು ನೆಲ ಮುಟ್ಟಿದರೂ ನಿಲ್ಲುತ್ತಿರಲಿಲ್ಲ. ಮೂಗುಬಟ್ಟೆ ಕಟ್ಟಿಕೊಂಡರೆ ಮಾತು ಕೆಳಗಿನವರಿಗೆ ಕೇಳಿಸದು ಎಂದು ಅದನ್ನು ಕತ್ತಿಗೆ ಇಳಿಸಿಕೊಳ್ಳುತ್ತಿದ್ದ. ಈಗ ಹೆಚ್ಚು ಮಾತಿಲ್ಲ. ದವಾಖಾನೆಯ ಡಾಕ್ಟರು, "ಈ ತಿಂಗಳು ದಾಟೋದು ಕಷ್ಟ," ಎಂದು ಅವನಿಗೆ ಕೇಳಿಸದ ಹಾಗೆ ಹೇಳಿದ್ದರು. ಅವನಿಗೆ ಕೇಳಿಸಿತ್ತು.

ಅದೇ ವಾರ ಹಡಗಿನ ಹೊಟ್ಟೆ ಬೆಚ್ಚಗಾಯಿತು. ಕೆರೆಯಲು ಹೋದವರು ಅಂಗೈ ಇಟ್ಟು ನೋಡಿ ಬಂದು ಹೇಳಿದರು. ಬೆಚ್ಚಗಾಯಿತೆಂದರೆ ಇನ್ನು ಹೊರಡುತ್ತದೆ ಎಂದರ್ಥ. ಸೊಸೆ ಕಟ್ಟೆಯ ಮೇಸ್ತ್ರಿಯ ಕೈಕಾಲು ಹಿಡಿದು, ಮೇಲಕ್ಕೆ ಹೇಳಿಕಳಿಸಿ, ಅಜ್ಜಿಯನ್ನು ಮನೆಗೆ ಕರೆಸಿಕೊಂಡಿದ್ದಳು.

ಅತ್ತೆ ಹಾಲು ತರಲು ಅಂಗಡಿಗೆ ಹೋದಳು. ಅಜ್ಜಿ ಉಪ್ಪು ಹಾಕಿದ ಬಿಸಿನೀರು ಕೇಳಿ ಇಸಿದುಕೊಂಡು, ಸೊಸೆ ಬಾಯಿ ಬಿಡುವುದನ್ನೇ ಕಾಯುತ್ತ ಕೂತಳು.

"ಅಜ್ಜಿ, ಮೇಲೆ ಒಂದು ಜಾಗ ಖಾಲಿ ಆಗಿದೆಯಂತೆ."

"ಆಗಿದೆ. ನಮ್ಮವನೊಬ್ಬ ಇಳಿದುಬಿಟ್ಟ."

ಆ ಇಳಿದವನನ್ನು ಊರೆಲ್ಲ ನೋಡಿತ್ತು. ಕ್ಷೌರದಂಗಡಿಯ ಕನ್ನಡಿಯ ಮುಂದೆ ಕೂತು, ಕಿವಿಯ ಪಕ್ಕ ಹುಟ್ಟಿದ ಒಂದು ಬಿಳಿಕೂದಲನ್ನು ಬಂದವರಿಗೆಲ್ಲ ತೋರಿಸುತ್ತಿದ್ದ. ಕತ್ತರಿ ಹತ್ತಿರ ಬಂದರೆ ಕೈ ಅಡ್ಡ ಹಿಡಿಯುತ್ತಿದ್ದ. ಅವನಿಗೆ ತಲೆ ಕೆಟ್ಟಿದೆ ಎಂದು ಜನ ನಕ್ಕಿದ್ದರು.

"ಯಾರನ್ನ ಹತ್ತಿಸೋದು ಅನ್ನೋದು ಈ ಸಲ ನಿಮ್ಮ ಸರದಿಯಂತೆ," ಎಂದಳು ಸೊಸೆ. "ಇವರನ್ನ ಕರ್ಕೊಂಡು ಹೋಗಿ ಅಜ್ಜಿ. ನಿಮ್ಮ ಮಗಳ ರಕ್ತಾನೇ ತಾನೆ. ನಾನು ಇನ್ನೇನೂ ಕೇಳಲ್ಲ."

ಅಜ್ಜಿ ಉಪ್ಪುನೀರು ಮುಕ್ಕಳಿಸಿ ತೊಟ್ಟಿಗೆ ಉಗಿದಳು. ಆಮೇಲೆ ಬಾಯಿ ಅಗಲಿಸಿ, ಬೆರಳಿನಿಂದ ಕೆನ್ನೆ ಎಳೆದು ತೋರಿಸಿದಳು. ಒಳಗಿನ ದವಡೆ ಹಲ್ಲಿನ ಸುತ್ತ ಕೆಂಪಗೆ ಊದಿಕೊಂಡಿತ್ತು.

"ಕಾಣಿಸ್ತಾ? ಹಡಗು ಹತ್ತೋ ದಿನ ಬೆಳಿಗ್ಗೆ ಶುರುವಾಗಿದ್ದು. ಗಡಿಬಿಡಿ, ಮೇಲೆ ಹೋಗಿ ನೋಡ್ಕೊಂಡ್ರಾಯ್ತು ಅಂದ್ಕೊಂಡೆ. ಇನ್ನೂ ನೋಡ್ಕೋತಾನೇ ಇದ್ದೀನಿ."

"ಕೀಳಿಸ್ಬಹುದಿತ್ತಲ್ಲ?"

"ಕೀಳಿಸ್ದೆ. ಹೋದ ಊರಲ್ಲೆಲ್ಲ ಕೀಳಿಸ್ದೆ. ವಾಪಸ್ ಒಳಗೆ ಹೋಗಿ ಒಂದು ನಿದ್ದೆ ಮಾಡಿ ಎದ್ರೆ ಹಲ್ಲು ಅದರ ಜಾಗದಲ್ಲಿ, ನೋವು ಅದರ ಜಾಗದಲ್ಲಿ. ಆ ಹಡಗಿಗೆ ಒಂದೇ ನೆನಪು ಮಗಳೇ. ಮೊದಲನೇ ಸಲ ಬಾಗಿಲು ದಾಟಿದಾಗ ಹೇಗಿದ್ದೆ ಅನ್ನೋದು. ಆಮೇಲೆ ಹಾಗೇ ಇಟ್ಕೊಳ್ಳುತ್ತೆ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಮನಸ್ಸು ಮಾತ್ರ ಮುಂದಕ್ಕೆ ಹೋಗ್ತಿರುತ್ತೆ."

ಒಳಕೋಣೆಯಿಂದ ಸಿಳ್ಳೆ ಕೇಳುತ್ತಲೇ ಇತ್ತು.

"ಅಂದ್ರೆ ಇವರು..."

"ಉಸಿರು ಸಿಗದೆ ದಾಟಿದ್ರೆ ಉಸಿರು ಸಿಗದೇ ಇರ್ತಾನೆ. ಸಾಯಲ್ಲ. ಅದೇ ಕಷ್ಟ."

"ಇಷ್ಟು ವರ್ಷ ಇದನ್ನ ಯಾರೂ ಹೇಳೇ ಇಲ್ವಲ್ಲ ಅಜ್ಜಿ!"

"ಯಾರು ಕೇಳಿದ್ರು? ಹತ್ತೋರೆಲ್ಲ ಗಟ್ಟಿಮುಟ್ಟಾದವರೇ. ಹಲ್ಲುನೋವು, ನೆಗಡಿ, ಇಂಥವು. ನಮ್ಮಲ್ಲೊಬ್ಬ ಬಿಕ್ಕಳಿಸ್ತಾ ಹತ್ತಿದ. ನಗಬೇಡ. ಮೊದಮೊದಲು ನಾವೂ ನಕ್ವಿ."

ಸೊಸೆ ನಗುವ ಸ್ಥಿತಿಯಲ್ಲಿರಲಿಲ್ಲ. ನೀರು ಕುದಿಯುತ್ತಿತ್ತು. ಅವಳು ಅದನ್ನೇ ನೋಡುತ್ತ ನಿಂತಳು. ಹಬೆ ಹಿಡಿಸಿ, ಮೇಲೊಂದು ಇಂಜೆಕ್ಷನ್ ಕೊಡಿಸಿದರೆ ಅವನ ಎದೆಯ ಬಿಗಿ ಸ್ವಲ್ಪ ಹೊತ್ತು ಬಿಡುತ್ತಿತ್ತು. ಆಗ ಸಿಳ್ಳೆ ಇರುತ್ತಿರಲಿಲ್ಲ. ಆಗ ಅವನು ಮೊದಲಿನವನೇ.

"ಉಸಿರು ಚೆನ್ನಾಗಿರೋವಾಗ ದಾಟಿದ್ರೆ?"

ಅಜ್ಜಿ ಕೆನ್ನೆಯಿಂದ ಕೈ ತೆಗೆದಳು. "ಚೆನ್ನಾಗಿರುತ್ತಾ, ಯಾವಾಗಲಾದ್ರೂ?"

"ಹಬೆ, ಇಂಜೆಕ್ಷನ್ ಎರಡೂ ಆದ್ರೆ. ಒಂದು ಬಕೆಟ್ ಬಟ್ಟೆ ಒಗೆಯೋಷ್ಟು ಹೊತ್ತು."

"ಆ ಹೊತ್ತಲ್ಲಿ ದಾಟಿದ್ರೆ ಆ ಹೊತ್ತೇ ಅವನಿಗೆ ಗಟ್ಟಿ." ಅಜ್ಜಿ ಅವಳನ್ನು ದಿಟ್ಟಿಸಿದಳು. "ಆದ್ರೆ ನಿನಗೇನು ಉಳಿಯುತ್ತೇ? ನಾವು ಮತ್ತೆ ಬರೋ ಹೊತ್ತಿಗೆ ನೀನಿರಲ್ಲ."

"ಇಲ್ಲದಿದ್ರೆ ಇಲ್ಲ. ಅವರಿದ್ರೆ ಸಾಕು."

ಅಜ್ಜಿ ಲೋಟ ತೊಳೆದು ಬೋರಲು ಹಾಕಿ, "ಹೊರಡೋ ದಿನ ಬೆಳಿಗ್ಗೆ ನಾನು ಬಾಗಿಲಲ್ಲೇ ಇರ್ತೀನಿ," ಎಂದಳು.

ಗಂಡನಿಗೆ ಹೇಳುವುದೂ ಅಷ್ಟೇ ಕಷ್ಟವಾಯಿತು. ಹಬೆ ಹಿಡಿದು, ತಲೆಯ ಮೇಲಿನ ಟವಲು ತೆಗೆದು, ಅವನು ಬೆವರಿದ ಮುಖದಲ್ಲಿ ಕಿಟಕಿಯ ಕಡೆ ತಿರುಗಿದ ಹೊತ್ತು ನೋಡಿ ಎಲ್ಲವನ್ನೂ ಹೇಳಿದಳು. ಹಲ್ಲಿನ ಕತೆಯನ್ನೂ ಬಿಡಲಿಲ್ಲ.

"ಅಂದ್ರೆ ನಾನು ಮೂವತ್ನಾಲ್ಕಕ್ಕೇ ನಿಂತುಬಿಡ್ತೀನಿ, ನೀನು ಮುದುಕಿ ಆಗ್ತೀಯ," ಎಂದ. "ಒಳ್ಳೇ ವ್ಯಾಪಾರ."

"ಮೇಲೆ ಯಾರನ್ನಾದ್ರೂ ನೋಡ್ಕೊಳ್ಳಿ ಬೇಕಾದ್ರೆ."

"ಅಲ್ಲಿರೋರೆಲ್ಲ ಅಜ್ಜಿಯಂದಿರೇ ಕಣೇ."

ನಕ್ಕರು. ನಗು ಕೆಮ್ಮಾಗಿ, ಕೆಮ್ಮು ಮುಗಿಯುವವರೆಗೆ ಅವಳು ಬೆನ್ನು ನೀವಿದಳು.

"ಎದೆ ಬಿಟ್ಟಿರೋವಾಗ ಮಾತ್ರ ದಾಟ್ಬೇಕು," ಎಂದಳು. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ದಾಟಬೇಡಿ. ಇಳಿದು ಬನ್ನಿ. ನಾನು ಕೆಳಗೇ ಇರ್ತೀನಿ."

ಅವನು ಅವಳ ಕಡೆ ನೋಡದೆ, "ನಂಗೆ ಭಯ ಕಣೇ," ಎಂದ. "ಕೆಲವರು ಧೈರ್ಯವಾಗಿ ಸಾಯ್ತಾರಂತೆ. ನಂಗೆ ಆಗಲ್ಲ. ಇಲ್ಲದೇ ಹೋಗೋದು ಅಂದ್ರೆ... ನಂಗೆ ಅದು ಬೇಡ."

"ಬೇಡ ಅಂದ್ರೆ ಬೇಡ. ಅದಕ್ಕೇ ತಾನೆ ಇದೆಲ್ಲ."

ಅತ್ತೆಗೆ ಹಲ್ಲಿನ ಕತೆ ಹೇಳಲಿಲ್ಲ. ಉಸಿರು ಚೆನ್ನಾಗಿಲ್ಲದಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರಂತೆ ಎಂದಷ್ಟೇ ಹೇಳಿದರು. ಮಗ ಸಾಯುವುದಿಲ್ಲ ಎಂದು ಕೇಳಿದ ಮೇಲೆ ಅವಳ ಮೊಣಕಾಲುನೋವೂ ಅರ್ಧ ಕಡಿಮೆಯಾದಂತಿತ್ತು. ಪಕ್ಕದ ಮನೆಯವಳ ಹತ್ತಿರ, "ನನ್ನ ಮಗ ಬರೋ ಹೊತ್ತಿಗೆ ನಿನ್ನ ಮೊಮ್ಮಕ್ಕಳಿಗೆ ಮೊಮ್ಮಕ್ಕಳು ನೋಡು," ಎಂದು ಜಂಬ ಕೊಚ್ಚಿದಳು.

ಉಳಿದ ದಿನಗಳಲ್ಲಿ ಸೊಸೆ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡಾಡಿದಳು. ಮನೆಯಲ್ಲಿ ಹಬೆ ಹಿಡಿಸಿ ಹೊರಟರೆ ದಾರಿಯಲ್ಲೇ ಅರ್ಧ ಹೊತ್ತು ಮುಗಿಯುತ್ತದೆ. ಆದ್ದರಿಂದ ಕಟ್ಟೆಯ ಹಗ್ಗದ ಕೊಟ್ಟಿಗೆಯಲ್ಲೇ ಒಲೆ ಹೂಡಿದಳು. ನರ್ಸಮ್ಮ ಸಿರಿಂಜು ತುಂಬಿಸಿಕೊಂಡು ಅಲ್ಲೇ ಇರಬೇಕೆಂದು ಒಪ್ಪಿಸಿದಳು. ಮನೆಯಿಂದ ಕಟ್ಟೆಗೆ ಕೈಗಾಡಿ. ಗಾಡಿ ಕುಲುಕದ ಹಾಗೆ ಯಾವ ಬೀದಿಯಲ್ಲಿ ಹೋಗಬೇಕೆಂದು ಖಾಲಿ ಗಾಡಿ ತಳ್ಳಿ ನೋಡಿದಳು. ಕಾವಲಿನವನು ಗೇಟು ಮೊದಲೇ ತೆರೆದಿಟ್ಟಿರಬೇಕು. ತೊಟ್ಟಿಲಿಗೆ ಕಂಬಳಿ ಹೊಲಿದಳು. ಕೊಟ್ಟಿಗೆಯಿಂದ ತೊಟ್ಟಿಲಿಗೆ ಯಾರು ಕಾಲು ಹಿಡಿಯಬೇಕು, ಯಾರು ತೋಳು ಹಿಡಿಯಬೇಕು ಎಂಬುದನ್ನೂ ಮೇಸ್ತ್ರಿಯೊಂದಿಗೆ ಗೊತ್ತುಮಾಡಿಕೊಂಡಳು. ಬಿಟ್ಟುಹೋದದ್ದು ಏನೂ ಇಲ್ಲ ಅನ್ನಿಸಿತು. ರಾಟೆಯ ಬಗ್ಗೆ ಅವಳು ಯೋಚಿಸಲಿಲ್ಲ. ನಡೆಯುವಾಗ ಯಾವ ಕಾಲು ಮೊದಲು ಎಂದು ಯಾರು ಯೋಚಿಸುತ್ತಾರೆ?

ಹೊರಡುವ ದಿನ ಬೆಳಿಗ್ಗೆ ಎಲ್ಲವೂ ಅವಳು ಅಂದುಕೊಂಡ ಹಾಗೇ ನಡೆಯಿತು. ಗಾಡಿ ಕುಲುಕಲಿಲ್ಲ. ಗೇಟು ತೆರೆದಿತ್ತು. ಹಬೆ ಚೆನ್ನಾಗಿ ಹಿಡಿಯಿತು. ನರ್ಸಮ್ಮ ಸೂಜಿ ಚುಚ್ಚಿ, ತೋಳು ಉಜ್ಜಿ, "ಆಯ್ತು, ಎಬ್ಬಿಸಿ," ಎಂದಳು. ಗಂಡ ಒಂದು ಸಲ ಉಸಿರೆಳೆದ. ಇನ್ನೊಂದು ಸಲ ಎಳೆದ. ಅವನ ಹೆಗಲು ಕೆಳಗಿಳಿಯಿತು, ಮುಖದ ಗಂಟು ಬಿಚ್ಚಿತು. ಸಿಳ್ಳೆ ಇರಲಿಲ್ಲ.

ತೊಟ್ಟಿಲಲ್ಲಿ ಕೂರಿಸುವಾಗ ಅವನು ಅವಳ ಮಣಿಕಟ್ಟು ಹಿಡಿದುಕೊಂಡ. ಹೇಳಬೇಕೆಂದು ಇಬ್ಬರೂ ಇಟ್ಟುಕೊಂಡಿದ್ದ ಮಾತುಗಳಿದ್ದವು. ಹೇಳುತ್ತ ನಿಂತರೆ ಉಸಿರಿನ ಹೊತ್ತು ಖರ್ಚಾಗುತ್ತದೆ. ಅವಳೇ ಕೈ ಬಿಡಿಸಿಕೊಂಡು ರಾಟೆಗೆ ಓಡಿದಳು.

ತೊಟ್ಟಿಲು ನೆಲ ಬಿಟ್ಟಿತು. ಬಿಟ್ಟದ್ದೇ ಮೇಲಿಂದ ಧ್ವನಿ ಬಂತು: "ಅಮ್ಮಾ! ನಿನ್ನ ಸೊಸೆ ಇವತ್ತೂ ನಿಧಾನಾನೇ!"

"ಅವಳ ಕೈ ನಂಬ್ಕೊಂಡ್ರೆ ಮೇಲೆ ಸೇರೋ ಹೊತ್ತಿಗೆ ಮುದುಕ ಆಗ್ತೀಯ ಕಣೋ!" ಎಂದು ಅತ್ತೆ ಕೆಳಗಿನಿಂದ ಕೂಗಿದಳು.

ಕಟ್ಟೆಯಲ್ಲಿದ್ದವರೆಲ್ಲ ನಕ್ಕರು. ರೇಡಿಯೋ ಮತ್ತೆ ಹಾಡಿತು ಎಂದು ಮೇಸ್ತ್ರಿ ಕಣ್ಣೊರೆಸಿಕೊಂಡ. ಸೊಸೆಯ ಎದೆ ತುಂಬಿ ಬಂತು. ಆ ಧ್ವನಿ ಕೇಳಿ ಎಷ್ಟು ಕಾಲವಾಗಿತ್ತು. ಅವಳು ಬಗ್ಗಿ ತಿರುಗಿಸಿದಳು. ಕೆಂಪು ಗೆರೆ ಬಂತು; ನಿಲ್ಲಿಸಿದಳು. ತಡೆದಳು. ಮತ್ತೆ ತಿರುಗಿಸಿದಳು. ಅವನು ಮೇಲಿಂದ ಇನ್ನೇನೋ ಕೂಗಿದ, ಗಾಳಿಯಲ್ಲಿ ಅದು ಕೇಳಿಸಲಿಲ್ಲ. ಇನ್ನೊಂದು ಗೆರೆ. ನಿಲ್ಲಿಸಿದಳು, ಕೈ ಒರೆಸಿಕೊಂಡಳು, ತಿರುಗಿಸಿದಳು. ತೊಟ್ಟಿಲು ಚಿಕ್ಕದಾಗುತ್ತ ಹೋಯಿತು. ಮೇಲೆ ಬೂದು ಹೊಟ್ಟೆ, ಅದರಲ್ಲಿ ಬೆಳಕಿನ ಒಂದು ಚೌಕ. ಅದೇ ಬಾಗಿಲು. ಇಡೀ ಕಟ್ಟೆ ತಲೆಯೆತ್ತಿ ನಿಂತಿತ್ತು. ಅಲ್ಲಿದ್ದ ಎಲ್ಲರೂ ಕಸುಬಿನವರು, ಯಾರಿಗೂ ಏನೂ ಅನ್ನಿಸಲಿಲ್ಲ. ಅವಳು ಕಡೆಯ ಗೆರೆಯಲ್ಲೂ ನಿಲ್ಲಿಸಿದಳು. ಹಗ್ಗ ಬಿಗಿಯಿತು, ತೊಟ್ಟಿಲು ಬಾಗಿಲು ಮುಟ್ಟಿತು.

ರಾಟೆಯ ಕಂಬಕ್ಕೆ ಒಂದು ತಂತಿ ಫೋನು ಕಟ್ಟಿರುತ್ತಾರೆ, ಅದರ ಇನ್ನೊಂದು ತುದಿ ಹಡಗಿನ ಬಾಗಿಲಲ್ಲಿ. ಮೋಟಾರು ತಿರುಗದ ಆ ನೆರಳಲ್ಲಿ ಅದು ಹೇಗೋ ಕೆಲಸ ಮಾಡುತ್ತದೆ. ಅದು ಹೊಡೆದುಕೊಂಡಿತು.

"ಬಂದ," ಎಂದಳು ಅಜ್ಜಿ. "ತೊಟ್ಟಿಲಲ್ಲೇ ಕೂರಿಸಿದ್ದೀನಿ, ಒಳಗೆ ತಗೊಂಡಿಲ್ಲ. ಉಸಿರು ಪೂರ್ತಿ ಕಟ್ಟಿದೆ ಕಣೇ."

"ಈಗ ತಾನೆ ಚೆನ್ನಾಗಿತ್ತಲ್ಲ ಅಜ್ಜಿ?"

"ಈಗ ತಾನೆ ಎಲ್ಲಿ? ಎಷ್ಟು ಹೊತ್ತಾಯ್ತು! ಅದ್ಯಾಕೆ ಹಾಗೆ ನಿಲ್ಲಿಸಿ ನಿಲ್ಲಿಸಿ ಕಳಿಸಿದ್ರಿ, ಈ ಚಳಿಗಾಳೀಲಿ?"

ಸೊಸೆ ರಾಟೆಯನ್ನು ನೋಡಿದಳು. ಸುತ್ತಿಕೊಂಡ ಹಗ್ಗದ ಮೇಲೆ ಕೆಂಪು ಗೆರೆಗಳು ಒಂದರ ಪಕ್ಕ ಒಂದು ಕಾಣುತ್ತಿದ್ದವು. ಕೆರೆಯಲು ಹೋಗುವವನಿಗೆ ಆ ಗೆರೆ. ಬಾಗಿಲು ಮುಟ್ಟುವುದಷ್ಟೇ ಕೆಲಸವಾಗಿದ್ದವನಿಗೆ, ಹಬೆಯ ಬಿಸಿ ಎದೆಯಲ್ಲಿ ಉಳಿದಿರುವಾಗಲೇ ದಾಟಬೇಕಾಗಿದ್ದವನಿಗೆ ಆ ಗೆರೆ ಯಾಕೆ ಬೇಕಿತ್ತು?

"ಇಳಿಸ್ತೀನಿ ಅಜ್ಜಿ. ಇನ್ನೊಂದು ಸಲ ಹಬೆ ಕೊಟ್ಟು ಒಂದೇ ಉಸಿರಿಗೆ ಎಳೆದುಬಿಡ್ತೀನಿ. ನಿಲ್ಲಿಸಲ್ಲ. ಒಂದೇ ಒಂದು ಸಲ."

"ಹೊತ್ತಿಲ್ಲ ಮಗಳೇ. ಬಾಗಿಲು ಕಿರಿದಾಗ್ತಿದೆ. ಅದು ನಮ್ಮ ಮಾತು ಕೇಳಲ್ಲ."

"ಅವರಿಗೆ ಕೊಡಿ."

ಮೊದಲು ಗಾಳಿಯ ಸದ್ದು. ಆಮೇಲೆ ಅವನು.

"ರೀ," ಎಂದಳು. "ದಾಟಬೇಡಿ. ಇಳಿದು ಬನ್ನಿ. ತಪ್ಪು ನಂದು ರೀ, ನಾನು ನಿಲ್ಲಿಸಬಾರದಿತ್ತು. ಈಗ ದಾಟಿದ್ರೆ ಹೀಗೇ ಇರುತ್ತೆ, ಯಾವತ್ತಿಗೂ. ಕೇಳಿಸ್ತಿದೆಯಾ?"

ಸಿಳ್ಳೆ. ಇನ್ನೊಂದು ಸಿಳ್ಳೆ. ಒಂದೊಂದು ಉಸಿರಿಗೆ ಒಂದೊಂದು ಮಾತು.

"ಇಳಿದ್ರೆ... ಎಷ್ಟು... ದಿನ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಡಾಕ್ಟರು ಪಿಸುಗುಟ್ಟಿದ್ದು ಅವನಿಗೆ ಕೇಳಿಸಿತ್ತೆಂದು ಅವಳಿಗೂ ಗೊತ್ತು.

"ನಾನಿರ್ತೀನಿ ಜೊತೇಲಿ," ಎಂದಳು. ಅದು ಅವನು ಕೇಳಿದ್ದಕ್ಕೆ ಉತ್ತರವಾಗಿರಲಿಲ್ಲ.

"ಹೀಗಾದ್ರೂ... ಇರ್ತೀನಲ್ಲೇ."

"ಬೇಡ ರೀ. ಬೇಡ. ನನ್ನ ಮಾತು ಕೇಳಿ."

ಫೋನು ಎಲ್ಲೋ ತಾಗಿದ ಸದ್ದು. "ನಿಧಾನ. ಕಾಲು ಎತ್ತು, ಇನ್ನೊಂದು," ಎಂದು ಅಜ್ಜಿ ದೂರದಿಂದ ಹೇಳುತ್ತಿದ್ದಳು. ರಾಟೆಯ ಹಿಡಿ ಸೊಸೆಯ ಅಂಗೈಯಲ್ಲಿ ಸಡಿಲವಾಯಿತು. ತೊಟ್ಟಿಲಲ್ಲಿ ಭಾರವಿದೆಯೋ ಇಲ್ಲವೋ ಎಂದು ಅದನ್ನು ಹಿಡಿದವರಿಗೆ ಯಾರೂ ಹೇಳಬೇಕಾಗಿಲ್ಲ.

"ಒಳಗೆ ಬಂದ," ಎಂದಳು ಅಜ್ಜಿ. "ಫೋನು ಅವನ ಹತ್ತಿರಾನೇ ಹಿಡಿದಿರ್ತೀನಿ. ತಂತಿ ಇರೋಷ್ಟು ಹೊತ್ತು ಕೇಳ್ಕೋ."

ಸೊಸೆ ಕೇಳಿದಳು. ಒಂದು ವರ್ಷದಿಂದ ಆ ಉಸಿರಿನ ಪಕ್ಕದಲ್ಲೇ ಮಲಗಿ ಎದ್ದವಳು ಅವಳು. ಒಂದು ಉಸಿರು ಇದ್ದ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಒಂದು ತುಸು ಉದ್ದ, ಒಂದು ತುಸು ಗಿಡ್ಡ, ಒಂದರಲ್ಲಿ ಕಫದ ಗೊರಗೊರ, ಒಂದು ಇದ್ದಕ್ಕಿದ್ದಂತೆ ಹಗುರ. ಆ ವ್ಯತ್ಯಾಸಕ್ಕೇ ಅವಳಿಗೆ ಎಚ್ಚರವಾಗುತ್ತಿತ್ತು, ಆ ವ್ಯತ್ಯಾಸದಲ್ಲೇ ಆಸೆಯೂ ಇರುತ್ತಿತ್ತು. ಈಗ ಒಂದು ಗಿಡ್ಡ ಎಳೆತ, ನಡುವೆ ಒಂದು ತಡೆ, ಕೊನೆಯಲ್ಲಿ ಸಿಳ್ಳೆ. ಮತ್ತೆ ಗಿಡ್ಡ ಎಳೆತ, ತಡೆ, ಸಿಳ್ಳೆ. ಎಳೆತ, ತಡೆ, ಸಿಳ್ಳೆ. ಕೂದಲೆಳೆಯಷ್ಟು ಉದ್ದವಾಗಲಿ ಎಂದು ಕಾದಳು. ಕೊನೆಗೆ ಗಿಡ್ಡವಾದರೂ ಆಗಲಿ ಎಂದು ಕಾದಳು.

"ಏನಂತೆ? ಸೇರಿದ್ನಾ?" ಅತ್ತೆ ತೋಳು ಜಗ್ಗಿದಳು.

"ಸೇರಿದ್ರು."

"ಕೊಡಿಲ್ಲಿ, ನಾನೂ ಕೇಳ್ತೀನಿ."

ಅತ್ತೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಳು. ಅವಳ ಮುಖ ಸಡಿಲವಾಗುತ್ತ ಬಂತು.

"ಒಂದೇ ಸಮ ಬರ್ತಿದೆ ಕಣೇ," ಎಂದಳು. "ಏರಿಳಿತಾನೇ ಇಲ್ಲ. ಎಷ್ಟು ದಿನ ಆಗಿತ್ತು ಹೀಗೆ ಕೇಳಿ! ಸಿಳ್ಳೆ ಒಂದು ಸ್ವಲ್ಪ ಇದೆ, ಇರ್ಲಿ, ಅಲ್ಲಿ ಹೋಗ್ತಾ ಹೋಗ್ತಾ ಸರಿಹೋಗುತ್ತೆ."

ತಂತಿಯವನು ಇಕ್ಕಳ ಹಿಡಿದುಕೊಂಡು ಕಂಬದ ಪಕ್ಕ ಬಂದು ನಿಂತಿದ್ದ. ಮೇಲೆ ಬೆಳಕಿನ ಚೌಕ ಒಂದು ಗೆರೆಯಷ್ಟಾಗಿತ್ತು.

"ಅಕ್ಕಾ, ಬಿಡಿಸ್ಬೇಕು. ಹೊರಡುತ್ತೆ."

ಸೊಸೆ ಅವನಿಗೂ ಅತ್ತೆಗೂ ನಡುವೆ ಬಂದು ನಿಂತಳು.

"ಒಂಚೂರು ತಡೀರಿ," ಎಂದಳು. "ಅತ್ತೆ ಇನ್ನೂ ಕೇಳ್ತಿದ್ದಾರೆ."